ಭೂಮಿಯ ಕಕ್ಷೆ ಬದಲಾದಾಗ ಜೀವಲೋಕಕ್ಕೆ ಏನಾಗುತ್ತಿತ್ತು?

ಪ್ರಶ್ನೆ: ಹಿಮಯುಗಗಳಿಗೆ ಭೂಮಿಯ ಕಕ್ಷೆಯಲ್ಲಾಗುವ ಬದಲಾವಣೆಗಳು ಕಾರಣವೆಂದು ಓದಿದ್ದೇನೆ. ಆದರೆ ಆ ಬದಲಾವಣೆಗಳಿಂದ ಭೂಮಿಗೆ ದೊರೆಯುವ ಒಟ್ಟು ಬಿಸಿಲಿನಲ್ಲಿ ಹೆಚ್ಚಿನ ವ್ಯತ್ಯಾಸವೇ ಆಗುವುದಿಲ್ಲವೆಂದೂ ಓದಿದ್ದೇನೆ. ಹಾಗಿದ್ದರೆ ವಾಯುಗುಣ ಬದಲಾಗುವುದು ಹೇಗೆ? ಜೀವವೈವಿಧ್ಯದ ಮೇಲೂ ಇದರ ಪ್ರಭಾವವಿತ್ತು ಎನ್ನುವುದಕ್ಕೆ ಪುರಾವೆಗಳೇನು? ನಮ್ಮ ಪಶ್ಚಿಮ ಘಟ್ಟದ ಜೀವಿಗಳಿಗೂ ಇದಕ್ಕೂ ಸಂಬಂಧವಿದೆಯೇ? ಇಂದಿನ ತಾಪಮಾನದ ಏರಿಕೆಯೂ ಇದೇ ಚಕ್ರದ ಭಾಗವಾಗಿರಬಹುದೇ?

ಉತ್ತರ: ನೀವು ಓದಿದ ಎರಡೂ ಮಾತುಗಳು ನಿಜ, ಗೊಂದಲ ಹುಟ್ಟುವುದೂ ಅದರಿಂದಲೇ. ಕಕ್ಷೆ ಎಷ್ಟೇ ಬದಲಾದರೂ ಇಡೀ ಭೂಮಿಗೆ ಇಡೀ ವರ್ಷದಲ್ಲಿ ದೊರೆಯುವ ಬಿಸಿಲಿನ ಮೊತ್ತ ಶೇಕಡಾ 0.2ರಷ್ಟೂ ಏರಿಳಿಯುವುದಿಲ್ಲ. ಆದರೆ ಆ ಮೊತ್ತ ಯಾವ ಅಕ್ಷಾಂಶಕ್ಕೆ, ಯಾವ ಋತುವಿನಲ್ಲಿ, ಎಷ್ಟೆಷ್ಟು ಹಂಚಿಕೆಯಾಗುತ್ತದೆ ಎಂಬುದು ಬಹಳವಾಗಿ ಬದಲಾಗುತ್ತದೆ. ಹಿಮ ಕರಗುವುದು ಬೇಸಿಗೆಯ ಬಿಸಿಲಿಗೆ. ಮುಂಗಾರು ಏಳುವುದು ಬೇಸಿಗೆಯಲ್ಲಿ ಕಾದ ನೆಲದಿಂದ. ಬೀಜ ಮೊಳೆಯುವುದು, ಕಪ್ಪೆ ಮೊಟ್ಟೆಯಿಡುವುದು, ಕಡಲಿನ ಪ್ಲವಕಗಳು, ಅಂದರೆ ತೇಲುವ ಸೂಕ್ಷ್ಮಜೀವಿಗಳು, ಹೆಚ್ಚುವುದು ಎಲ್ಲವೂ ಋತುವನ್ನು ಅನುಸರಿಸಿ. ವರ್ಷದ ಸರಾಸರಿಯನ್ನು ಯಾವ ಜೀವಿಯೂ ಅನುಭವಿಸುವುದಿಲ್ಲ. ಆದ್ದರಿಂದ ಈ ಇಡೀ ವಿಷಯವನ್ನು ಋತುಗಳ ಇತಿಹಾಸವೆಂದು ಓದುವುದೇ ಸರಿಯಾದ ದಾರಿ.

ಋತುಗಳನ್ನು ಬದಲಿಸುವ ಚಲನೆಗಳು ಮೂರು. ಮೊದಲನೆಯದು ಕಕ್ಷೆಯ ಆಕಾರಕ್ಕೆ ಸಂಬಂಧಿಸಿದ್ದು. ಗುರು, ಶುಕ್ರ, ಮಂಗಳ ಮೊದಲಾದ ಗ್ರಹಗಳ ಸೆಳೆತದಿಂದಾಗಿ ಭೂಮಿಯ ಕಕ್ಷೆ ಒಮ್ಮೆ ಬಹುತೇಕ ವೃತ್ತವಾಗುತ್ತದೆ, ಒಮ್ಮೆ ತುಸು ಉದ್ದವಾದ ದೀರ್ಘವೃತ್ತವಾಗುತ್ತದೆ. ಈ ಉದ್ದದ ಅಳತೆಯನ್ನು ಉತ್ಕೇಂದ್ರತೆ ಎನ್ನುತ್ತೇವೆ. ಅದು ಹೆಚ್ಚುಕಡಿಮೆ ಸೊನ್ನೆಯಿಂದ 0.06ರವರೆಗೆ ಏರಿಳಿಯುತ್ತದೆ, ಈಗ 0.0167 ಇದೆ. ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತೇವೆ, ಜುಲೈ ಮೊದಲ ವಾರದಲ್ಲಿ ಸುಮಾರು 15.2 ಕೋಟಿ ಕಿಲೋಮೀಟರ್ ದೂರದಲ್ಲಿ. ಇದರಿಂದ ಭೂಮಿಯ ಮೇಲೆ ಬೀಳುವ ಬಿಸಿಲು ಜುಲೈಗಿಂತ ಜನವರಿಯಲ್ಲಿ ಶೇಕಡಾ 7ರಷ್ಟು ಹೆಚ್ಚು. ಉತ್ಕೇಂದ್ರತೆ ಗರಿಷ್ಠ ಮಟ್ಟದಲ್ಲಿದ್ದ ಕಾಲಗಳಲ್ಲಿ ಇದೇ ವ್ಯತ್ಯಾಸ ಶೇಕಡಾ 25ನ್ನು ದಾಟುತ್ತಿತ್ತು. ಈ ಏರಿಳಿತಕ್ಕೆ ಸುಮಾರು 1 ಲಕ್ಷ ವರ್ಷಗಳದೊಂದು ಲಯವಿದೆ, 4,05,000 ವರ್ಷಗಳ ಇನ್ನೊಂದು ಲಯವಿದೆ. ಎರಡನೆಯ ಚಲನೆ ಭೂಮಿಯ ಅಕ್ಷದ ಓರೆಯಲ್ಲಾಗುವ ಬದಲಾವಣೆ: 41,000 ವರ್ಷಗಳಿಗೊಮ್ಮೆ ಅದು 22.1 ಮತ್ತು 24.5 ಡಿಗ್ರಿಗಳ ನಡುವೆ ಹೋಗಿ ಬರುತ್ತದೆ. ಈಗ 23.4 ಡಿಗ್ರಿಯಲ್ಲಿದ್ದು ನಿಧಾನವಾಗಿ ಇಳಿಯುತ್ತಿದೆ. ಓರೆ ಹೆಚ್ಚಿದಷ್ಟೂ ಧ್ರುವಗಳ ಕಡೆಯ ಬೇಸಿಗೆ ತೀವ್ರವಾಗುತ್ತದೆ.

ಮೂರನೆಯದು ಅಯನಚಲನೆ. ತಿರುಗುವ ಬುಗುರಿಯ ಮೊಳೆ ಒಂದೇ ಕಡೆ ನಿಂತಿದ್ದರೂ ಅದರ ತಲೆ ಹೇಗೆ ನಿಧಾನವಾಗಿ ಸುತ್ತು ಹಾಕುತ್ತದೆಯೋ ಹಾಗೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಂದು ಸುತ್ತು ಬರುತ್ತದೆ. ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಉತ್ತರಾಯಣದ ಆರಂಭವೆಂದು ನಾವು ಮಕರ ಸಂಕ್ರಾಂತಿಯನ್ನು ಜನವರಿ ನಡುಭಾಗದಲ್ಲಿ ಆಚರಿಸುತ್ತೇವೆ, ಆದರೆ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಕ್ಷತ್ರಗಳನ್ನು ಆಧರಿಸಿದ ಪಂಚಾಂಗ ಮತ್ತು ಋತುಗಳ ನಡುವೆ ಸುಮಾರು 1,700 ವರ್ಷಗಳಲ್ಲಿ ಬೆಳೆದ ಅಂತರವಿದು. ದೀರ್ಘವೃತ್ತದ ದಿಕ್ಕೂ ನಿಧಾನವಾಗಿ ತಿರುಗುವುದರಿಂದ, ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವ ಬಿಂದುವು ಋತುಗಳ ಮೂಲಕ ಒಂದು ಸುತ್ತು ಬರಲು 19,000ದಿಂದ 23,000 ವರ್ಷಗಳು ಸಾಕು. ಈಗ ಆ ಬಿಂದು ನಮ್ಮ ಚಳಿಗಾಲದಲ್ಲಿದೆ. ಸುಮಾರು 11,000 ವರ್ಷಗಳ ಹಿಂದೆ ಅದು ಉತ್ತರಾರ್ಧದ ಬೇಸಿಗೆಯಲ್ಲಿತ್ತು.

ಇಲ್ಲೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಜೀವವೈವಿಧ್ಯದ ಪ್ರಶ್ನೆ ನಿಂತಿರುವುದು ಇದರ ಮೇಲೆ. ಕಕ್ಷೆ ಪೂರ್ಣ ವೃತ್ತವಾಗಿದ್ದರೆ ಸಮೀಪದ ಬಿಂದು, ದೂರದ ಬಿಂದು ಎಂಬುದೇ ಇರುವುದಿಲ್ಲ, ಆಗ ಅಯನಚಲನೆಯಿಂದ ಬಿಸಿಲಿನಲ್ಲಿ ಏನೂ ಬದಲಾಗುವುದಿಲ್ಲ. ಉತ್ಕೇಂದ್ರತೆ ಹೆಚ್ಚಿದ್ದಾಗ ಅದೇ ಅಯನಚಲನೆ ಪ್ರತಿ ಹತ್ತು ಸಾವಿರ ವರ್ಷಗಳಿಗೊಮ್ಮೆ ಋತುಗಳನ್ನು ಒಂದು ಅತಿಯಿಂದ ಇನ್ನೊಂದು ಅತಿಗೆ ತಳ್ಳುತ್ತದೆ. ಅಂದರೆ ಉತ್ಕೇಂದ್ರತೆಯ ದೀರ್ಘ ಲಯಗಳು ಪ್ರಕ್ಷುಬ್ಧ ಕಾಲಗಳನ್ನೂ ಶಾಂತ ಕಾಲಗಳನ್ನೂ ಸರದಿಯಂತೆ ಸೃಷ್ಟಿಸುತ್ತವೆ. ಸುಮಾರು 24 ಲಕ್ಷ ವರ್ಷಗಳ ಇನ್ನೂ ದೊಡ್ಡದೊಂದು ಚಕ್ರವಿದ್ದು, ಭೂಮಿ ಮತ್ತು ಮಂಗಳದ ಕಕ್ಷೆಗಳ ಪರಸ್ಪರ ಪ್ರಭಾವದಿಂದ ಅದು ಹುಟ್ಟುತ್ತದೆ. ಅಕ್ಷದ ಓರೆಯ ಏರಿಳಿತವೂ ಹೀಗೆಯೇ ಸುಮಾರು 12 ಲಕ್ಷ ವರ್ಷಗಳಿಗೊಮ್ಮೆ ಮಂದವಾಗುತ್ತದೆ.

ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲ್ 1864ರಲ್ಲಿಯೇ ಕಕ್ಷೆಗೂ ಹಿಮಯುಗಗಳಿಗೂ ಸಂಬಂಧವಿದೆಯೆಂದು ವಾದಿಸಿದ್ದರು. ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್ ಅದಕ್ಕೆ ಗಣಿತದ ಭದ್ರ ತಳಹದಿ ಹಾಕಿ, 1941ರ ತಮ್ಮ ಮಹಾಗ್ರಂಥದಲ್ಲಿ ಆರು ಲಕ್ಷ ವರ್ಷಗಳ ಬಿಸಿಲಿನ ಲೆಕ್ಕವನ್ನು ಕೊಟ್ಟರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಿಂದಲೇ ನಡೆದ ಆ ಲೆಕ್ಕದ ಮುಂದೆ ಇಂದಿಗೂ ಗೌರವದಿಂದ ನಿಲ್ಲಬೇಕೆನಿಸುತ್ತದೆ. ಉತ್ತರದ 65 ಡಿಗ್ರಿ ಅಕ್ಷಾಂಶದ ಸುತ್ತ ಬೇಸಿಗೆ ತಂಪಾದರೆ ಹಿಂದಿನ ಚಳಿಗಾಲದ ಹಿಮ ಪೂರ್ತಿ ಕರಗದೆ ಉಳಿಯುತ್ತದೆ, ವರ್ಷ ವರ್ಷ ಸೇರಿ ಹಿಮಹಾಳೆಯಾಗುತ್ತದೆ ಎಂಬುದು ಅವರ ವಾದದ ತಿರುಳು. ಅವರು 1958ರಲ್ಲಿ ತೀರಿಕೊಂಡಾಗ ಅದನ್ನು ಒಪ್ಪಿದವರು ಕಡಿಮೆ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ಎಂಬ ಮೂವರು ವಿಜ್ಞಾನಿಗಳು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದಿಂದ ತೆಗೆದ ಕೆಸರಿನ ಕಂಬಗಳಲ್ಲಿ ಸುಮಾರು 4,50,000 ವರ್ಷಗಳ ದಾಖಲೆಯನ್ನು ಓದಿದರು. ಸೂಕ್ಷ್ಮಜೀವಿಗಳ ಚಿಪ್ಪಿನಲ್ಲಿರುವ ಆಮ್ಲಜನಕದ ಐಸೋಟೋಪುಗಳ (ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳ) ಅನುಪಾತದಿಂದ ನೆಲದ ಮೇಲಿದ್ದ ಹಿಮದ ಪ್ರಮಾಣ ತಿಳಿಯುತ್ತದೆ. ಆ ದಾಖಲೆಯಲ್ಲಿ ಸುಮಾರು 1 ಲಕ್ಷ, 42,000, 23,000 ಮತ್ತು 19,000 ವರ್ಷಗಳ ಲಯಗಳು ಸ್ಪಷ್ಟವಾಗಿ ಕಂಡವು. ವಾದ ಅಲ್ಲಿಂದ ಮುಂದೆ ಸಿದ್ಧಾಂತವಾಯಿತು.

ಆದರೆ ಬಿಸಿಲಿನ ಹಂಚಿಕೆ ಬದಲಾದೊಡನೆ ಹಿಮಯುಗ ತಾನಾಗಿ ಬರುವುದಿಲ್ಲ. ಹಿಮ ಹರಡಿದರೆ ಬಿಳಿ ನೆಲ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ತಂಪಾದ ಕಡಲು ಹೆಚ್ಚು ಇಂಗಾಲದ ಡೈಆಕ್ಸೈಡನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದರಿಂದ ತಂಪು ಇನ್ನೂ ಹೆಚ್ಚುತ್ತದೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸೆರೆಯಾದ ಗಾಳಿಗುಳ್ಳೆಗಳ ಪ್ರಕಾರ ಕಳೆದ 8 ಲಕ್ಷ ವರ್ಷಗಳಲ್ಲಿ ಈ ಅನಿಲ ಹಿಮಕಾಲಗಳಲ್ಲಿ ಹತ್ತು ಲಕ್ಷಕ್ಕೆ ಸುಮಾರು 180 ಭಾಗಕ್ಕೆ ಇಳಿದು, ಬೆಚ್ಚನೆಯ ಕಾಲಗಳಲ್ಲಿ ಸುಮಾರು 280ಕ್ಕೆ ಏರುತ್ತಿತ್ತು. ಕಕ್ಷೆ ಹೊತ್ತನ್ನು ಗೊತ್ತುಮಾಡುತ್ತದೆ, ಪರಿಣಾಮದ ಗಾತ್ರವನ್ನು ಭೂಮಿಯ ಒಳಗಿನ ವ್ಯವಸ್ಥೆ ಗೊತ್ತುಮಾಡುತ್ತದೆ. ಸುಮಾರು 12 ಲಕ್ಷ ವರ್ಷಗಳ ಹಿಂದಿನವರೆಗೆ ಹಿಮಚಕ್ರ 41,000 ವರ್ಷಗಳದಾಗಿತ್ತು, ಆಮೇಲೆ ಕ್ರಮೇಣ 1 ಲಕ್ಷ ವರ್ಷಗಳದಾಯಿತು. ಇದಕ್ಕೆ ಕಕ್ಷೆಯ ಲೆಕ್ಕದಲ್ಲಿ ಯಾವ ಕಾರಣವೂ ಸಿಗುವುದಿಲ್ಲ, ಬದಲಾದದ್ದು ಭೂಮಿಯೇ.

ಉಷ್ಣವಲಯದಲ್ಲಿ ಈ ಲಯವನ್ನು ಹೊತ್ತು ತಂದದ್ದು ಮಾನ್ಸೂನ್. ಅಮೆರಿಕದ ಜಾನ್ ಕುಟ್ಸ್‌ಬಾಕ್ 1981ರಲ್ಲಿ ಗಣಕ ಮಾದರಿಯೊಂದರಲ್ಲಿ 9,000 ವರ್ಷಗಳ ಹಿಂದಿನ ಕಕ್ಷೆಯನ್ನು ಇಟ್ಟು ನೋಡಿದಾಗ ಆಫ್ರಿಕ ಮತ್ತು ದಕ್ಷಿಣ ಏಷ್ಯಾದ ಬೇಸಿಗೆಯ ಮಳೆ ಗಣನೀಯವಾಗಿ ಹೆಚ್ಚಿತು. ನೆಲದ ಮೇಲಿನ ಸಾಕ್ಷ್ಯವೂ ಹಾಗೆಯೇ ಇದೆ: ಇಂದಿನ ಸಹಾರಾ ಮರುಭೂಮಿಯಲ್ಲಿ ಆಗ ಸರೋವರಗಳಿದ್ದವು, ನೀರಾನೆ ಮತ್ತು ಮೊಸಳೆಗಳ ಮೂಳೆಗಳು ಅಲ್ಲಿ ಸಿಗುತ್ತವೆ, ಅಲ್ಜೀರಿಯಾದ ತಾಸಿಲಿ ಬಂಡೆಗಳ ಮೇಲೆ ಜಿರಾಫೆ ಮತ್ತು ದನಗಳ ಚಿತ್ರಗಳಿವೆ. ಚೀನಾದ ಗುಹೆಗಳ ಸುಣ್ಣದ ಕಂಬಗಳಲ್ಲಿ 6,40,000 ವರ್ಷಗಳ ಮಳೆಯ ದಾಖಲೆ ಅಯನಚಲನೆಯ ಲಯದಲ್ಲಿಯೇ ಸಾಗುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಇದರ ಗುರುತು ಬೇರೆ ಬಗೆಯದು. ನೈಋತ್ಯ ಮಾರುತ ಬಲವಾಗಿದ್ದಾಗ ಒಮಾನ್ ಮತ್ತು ಸೊಮಾಲಿಯಾ ತೀರಗಳಲ್ಲಿ ಆಳದ ತಣ್ಣೀರು ಪೋಷಕಾಂಶಗಳೊಂದಿಗೆ ಮೇಲೆದ್ದು ಬರುತ್ತದೆ, ಆ ನೀರನ್ನು ಇಷ್ಟಪಡುವ ಗ್ಲೊಬಿಜರಿನಾ ಬುಲಾಯ್ಡಿಸ್ ಎಂಬ ಸೂಕ್ಷ್ಮಜೀವಿ ಹೇರಳವಾಗುತ್ತದೆ. ಕೆಸರಿನಲ್ಲಿ ಅದರ ಚಿಪ್ಪುಗಳನ್ನು ಎಣಿಸಿ ಮುಂಗಾರು ಮಾರುತದ ಬಲವನ್ನು ಅಳೆಯುತ್ತಾರೆ.

ಇನ್ನು ಜೀವವೈವಿಧ್ಯ. ಋತುಗಳು ಹೀಗೆ ಹತ್ತು ಇಪ್ಪತ್ತು ಸಾವಿರ ವರ್ಷಗಳಿಗೊಮ್ಮೆ ತಲೆಕೆಳಗಾದರೆ ಹೊಸ ಪ್ರಭೇದಗಳು ಪುಂಖಾನುಪುಂಖವಾಗಿ ಹುಟ್ಟಬೇಕಲ್ಲವೇ ಎಂದು ತೋರುವುದು ಸಹಜ. ಪಳೆಯುಳಿಕೆಗಳು ಹೇಳುವುದು ಬೇರೆ. ಬ್ರಿಟನ್ನಿನ ರಸೆಲ್ ಕೂಪ್ ಹಿಮಯುಗದ ಪದರಗಳಲ್ಲಿ ಸಿಕ್ಕ ಜೀರುಂಡೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಅವುಗಳಲ್ಲಿ ಬಹುಪಾಲು ಇಂದಿಗೂ ಬದುಕಿರುವ ಪ್ರಭೇದಗಳೇ, ಆದರೆ ಬೇರೆ ಸ್ಥಳಗಳಲ್ಲಿ ಬದುಕಿರುವಂಥವು. ಇಂದು ಟಿಬೆಟ್ ಪ್ರಸ್ಥಭೂಮಿಯಲ್ಲಿರುವ ಒಂದು ಸಗಣಿ ಜೀರುಂಡೆ ಹಿಮಯುಗದಲ್ಲಿ ಬ್ರಿಟನ್ನಿನಲ್ಲಿ ಇತ್ತು! ವಾಯುಗುಣ ಬದಲಾದಾಗ ಜೀವಿಗಳು ಮೊದಲು ಮಾಡುವುದು ರೂಪಾಂತರವಲ್ಲ, ವಲಸೆ. ಒಂದು ಕಣಿವೆಯಲ್ಲಿ ಬೇರೆಯಾಗಿ ಬೆಳೆಯತೊಡಗಿದ ಗುಂಪು, ಮುಂದಿನ ಚಕ್ರದಲ್ಲಿ ಕಾಡು ಹರಡಿದಾಗ ಮತ್ತೆ ಮೂಲ ಗುಂಪಿನೊಂದಿಗೆ ಬೆರೆತು ತನ್ನ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ. ಹೀಗೆ ಸಣ್ಣ ಚಕ್ರಗಳು ಅನೇಕ ವೇಳೆ ಹೊಸ ಪ್ರಭೇದಗಳ ಹುಟ್ಟನ್ನು ತಡೆಯುತ್ತವೆ.

ಸ್ವೀಡನ್ನಿನ ಡೈನೇಷಿಯಸ್ ಮತ್ತು ಯಾನ್ಸನ್ 2000ದಲ್ಲಿ ಈ ಯೋಚನೆಯನ್ನು ಇನ್ನೂ ಮುಂದೆ ಕೊಂಡೊಯ್ದರು. ಕಕ್ಷೆಯ ಚಕ್ರಗಳಿಂದಾಗುವ ತಾಪಮಾನದ ಏರಿಳಿತ ಧ್ರುವಗಳ ಕಡೆಗೆ ದೊಡ್ಡದು, ಸಮಭಾಜಕದ ಕಡೆಗೆ ಸಣ್ಣದು. ಆದ್ದರಿಂದ ಉತ್ತರದ ನಾಡುಗಳಲ್ಲಿ ಉಳಿದುಕೊಂಡದ್ದು ದೂರ ಸಾಗಬಲ್ಲ, ಹೆಚ್ಚು ನೇಮವಿಲ್ಲದೆ ಎಲ್ಲಿ ಬೇಕಾದರೂ ಬದುಕಬಲ್ಲ ಜೀವಿಗಳು. ಒಂದೇ ಬೆಟ್ಟಕ್ಕೆ, ಒಂದೇ ಹೊಳೆಗೆ ಸೀಮಿತವಾದ ಪ್ರಭೇದಗಳು ಅಳಿಯದೆ ಬಾಳಲು ಸಾಧ್ಯವಾದದ್ದು ಉಷ್ಣವಲಯದಲ್ಲಿ. ಉಷ್ಣವಲಯದ ಜೀವವೈವಿಧ್ಯಕ್ಕೆ ಇದೊಂದೇ ಕಾರಣವೆಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ; ಆದರೆ ಸೀಮಿತ ನೆಲೆಯ ಜೀವಿಗಳು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಇಷ್ಟು ಸರಳವಾಗಿ ಬಿಡಿಸಿಹೇಳುವ ವಿವರಣೆಗಳು ಬಹಳವಿಲ್ಲ.

ಸಣ್ಣ ಚಕ್ರಗಳಿಗಿಂತ ಅವುಗಳ ತೀವ್ರತೆಯನ್ನು ಆಳುವ ದೊಡ್ಡ ಚಕ್ರಗಳು ವಿಕಾಸದ ಮೇಲೆ ಹೆಚ್ಚು ಗುರುತು ಬಿಟ್ಟಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಅತ್ಯುತ್ತಮ ನಿದರ್ಶನ ಕಡಲಿನ ಕೊಕೊಲಿತೊಫೋರ್‌ಗಳು. ಸುಣ್ಣದ ಸೂಕ್ಷ್ಮ ಬಿಲ್ಲೆಗಳಿಂದ ಮೈ ಮುಚ್ಚಿಕೊಳ್ಳುವ ಏಕಕೋಶ ಪಾಚಿಗಳಿವು. ಫ್ರಾನ್ಸಿನ ಲ್ಯೂಕ್ ಬೋಫೋರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ತಳದಿಂದ ಬಂದ 28 ಲಕ್ಷ ವರ್ಷಗಳ ಕೆಸರಿನಲ್ಲಿದ್ದ ಸುಮಾರು 90 ಲಕ್ಷ ಬಿಲ್ಲೆಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಅಳೆದರು. ಉತ್ಕೇಂದ್ರತೆ ಹೆಚ್ಚಿದ್ದಾಗ, ಅಂದರೆ ಉಷ್ಣವಲಯದ ಕಡಲಿನಲ್ಲಿಯೂ ಋತುಗಳ ಭೇದ ಗಾಢವಾಗಿದ್ದಾಗ, ಸಣ್ಣ ಮತ್ತು ದೊಡ್ಡ ಗಾತ್ರದ ರೂಪಗಳೆರಡೂ ಕಾಣಿಸಿಕೊಂಡು ವೈವಿಧ್ಯ ಹೆಚ್ಚುತ್ತಿತ್ತು. ಋತುಭೇದ ಮಸುಕಾದಾಗ ಮಧ್ಯಮ ಗಾತ್ರದ ಒಂದೇ ಬಗೆ ಎಲ್ಲೆಡೆ ಮೇಲುಗೈ ಪಡೆಯುತ್ತಿತ್ತು. ಈ ಏರಿಳಿತ ನಡೆದದ್ದು 1 ಲಕ್ಷ ಮತ್ತು 4,05,000 ವರ್ಷಗಳ ಲಯದಲ್ಲಿ, ಹಿಮಹಾಳೆಗಳ ಏರಿಳಿತದ ಮೂಲಕವಲ್ಲ, ನೇರವಾಗಿ ಋತುಗಳ ಮೂಲಕ. ವರ್ಷದೊಳಗೆ ಬೇರೆ ಬೇರೆ ಬಗೆಯ ತಿಂಗಳುಗಳಿದ್ದರೆ ಬೇರೆ ಬೇರೆ ಬಗೆಯ ಜೀವಿಗಳಿಗೆ ಎಡೆಯಿರುತ್ತದೆ ಎಂಬ ಸರಳ ತತ್ವ ಇಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಬರೆದಿರುವುದು ನಿಜಕ್ಕೂ ಸೋಜಿಗ.

ನೆಲದ ಮೇಲೆ, ಮಧ್ಯ ಸ್ಪೇನಿನಲ್ಲಿ, 245 ಲಕ್ಷ ವರ್ಷಗಳ ಹಿಂದಿನಿಂದ 25 ಲಕ್ಷ ವರ್ಷಗಳ ಹಿಂದಿನವರೆಗಿನ ಇಲಿಜಾತಿಯ ಪ್ರಾಣಿಗಳ ಪಳೆಯುಳಿಕೆಗಳನ್ನು ವಾನ್ ಡಾಮ್ ಮತ್ತು ಸಂಗಡಿಗರು 2006ರಲ್ಲಿ ಪರಿಶೀಲಿಸಿದರು. ಹಳೆಯ ಪ್ರಭೇದಗಳು ಅಳಿದು ಹೊಸವು ಬರುವ ಘಟನೆಗಳು ಸುಮಾರು 24 ಲಕ್ಷ ಮತ್ತು 10 ಲಕ್ಷ ವರ್ಷಗಳ ಅಂತರದಲ್ಲಿ ಗುಂಪುಗೂಡಿದ್ದವು. ವಿಚಿತ್ರವೆಂದರೆ ಈ ಪಲ್ಲಟಗಳು ನಡೆದದ್ದು ಕಕ್ಷೆಯ ಏರಿಳಿತ ಮಂದವಾದ ಹೊತ್ತಿನಲ್ಲಿ. ಉರಿಬೇಸಿಗೆಗಳು ಬಾರದ ದೀರ್ಘ ಅವಧಿಯಲ್ಲಿ ಹಿಮ ಕರಗದೆ ಬೆಳೆದು, ಜಗತ್ತು ತಂಪಾಗಿ, ಮಳೆಯ ಮಾದರಿ ಬದಲಾದದ್ದೇ ಇದಕ್ಕೆ ಕಾರಣವೆಂದು ಅವರು ವಿವರಿಸುತ್ತಾರೆ. ಕಕ್ಷೆ ಶಾಂತವಾಗಿದ್ದ ಮಾತ್ರಕ್ಕೆ ಜೀವಿಗಳಿಗೆ ಹಿತವಾಗಿತ್ತೆಂದು ತಿಳಿಯಬಾರದು.

ಇನ್ನೂ ಹಿಂದಕ್ಕೆ ಹೋದರೆ ದಾರಿ ಕಷ್ಟವಾಗುತ್ತದೆ. ಗ್ರಹಗಳ ಚಲನೆಯಲ್ಲಿ ಅಂತರ್ಗತವಾದ ಅನಿಶ್ಚಿತತೆ ಇರುವುದನ್ನು ಫ್ರಾನ್ಸಿನ ಖಗೋಳಗಣಿತಜ್ಞ ಜಾಕ್ ಲಾಸ್ಕರ್ 1989ರಲ್ಲಿ ತೋರಿಸಿದರು. ಸುಮಾರು 5 ಕೋಟಿ ವರ್ಷಗಳಿಗಿಂತ ಹಿಂದಿನ ಕಕ್ಷೆಯನ್ನು ಪೂರ್ಣ ವಿವರಗಳೊಂದಿಗೆ ಲೆಕ್ಕಹಾಕಲಾಗದು. ಆದರೆ ಶುಕ್ರ ಮತ್ತು ಗುರುಗಳಿಂದ ಹುಟ್ಟುವ 4,05,000 ವರ್ಷಗಳ ಲಯ ಮಾತ್ರ ಸ್ಥಿರ. ಅಮೆರಿಕದ ಪೂರ್ವತೀರದ ನ್ಯೂವಾರ್ಕ್ ಸರೋವರ ಪದರಗಳನ್ನು ಅರಿಜೋನಾದ ಕಲ್ಲಾದ ಮರಗಳ ಪ್ರದೇಶದ ಪದರಗಳೊಂದಿಗೆ ಹೋಲಿಸಿ, ಈ ಲಯ 21.5 ಕೋಟಿ ವರ್ಷಗಳಿಂದ ಬದಲಾಗಿಲ್ಲವೆಂದು ವಿಜ್ಞಾನಿಗಳು 2018ರಲ್ಲಿ ಖಚಿತಪಡಿಸಿದರು. ಅದಕ್ಕೂ ಹಿಂದೆ, ಸುಮಾರು 30 ಕೋಟಿ ವರ್ಷಗಳ ಹಿಂದೆ, ಭಾರತವೂ ಸೇರಿದ್ದ ಪ್ರಾಚೀನ ಮಹಾಖಂಡವಾದ ಗೊಂಡ್ವಾನದ ಮೇಲೆ ದೊಡ್ಡ ಹಿಮಹಾಳೆಗಳಿದ್ದವು. ಅವು ಹಿಮನದಿಗಳಾಗಿ ಹೊತ್ತು ತಂದ ಬಂಡೆಗಳ ಪದರ ಇಂದಿಗೂ ಒಡಿಶಾದ ತಾಲ್ಚೇರ್‌ನಲ್ಲಿದೆ. ಆ ಹಿಮ ಏರಿಳಿದಂತೆ ಸಮುದ್ರಮಟ್ಟ ಏರಿಳಿದು, ಆಗ ಸಮಭಾಜಕದ ಬಳಿಯಿದ್ದ ಅಮೆರಿಕದ ಇಲಿನಾಯ್ ಮೊದಲಾದ ಕಡೆ ಜೌಗುಕಾಡು, ಕಡಲು, ಮತ್ತೆ ಜೌಗುಕಾಡು ಎಂಬಂತೆ ಕಲ್ಲಿದ್ದಲಿನ ಪದರಗಳು ಒಂದರ ಮೇಲೊಂದು ಕೂತಿವೆ.

ಪ್ರಭಾವದ ಪಾಲನ್ನು ಅಂಕಿಯಲ್ಲಿ ಹೇಳಲು ಸಾಧ್ಯವಾಗಿರುವ ಒಂದು ಪ್ರಕರಣವಿದೆ. ಗ್ರಾಪ್ಟೊಲೈಟ್‌ಗಳೆಂಬ ತೇಲುಜೀವಿಗಳು ಸುಮಾರು 48 ಕೋಟಿಯಿಂದ 42 ಕೋಟಿ ವರ್ಷಗಳ ಹಿಂದಿನವರೆಗೆ ಕಡಲಿನಲ್ಲಿ ಹೇರಳವಾಗಿದ್ದವು. ನ್ಯೂಜಿಲೆಂಡಿನ ಕ್ರಾಂಪ್ಟನ್ ಮತ್ತು ಸಂಗಡಿಗರು 2018ರಲ್ಲಿ ಅವುಗಳ ಹುಟ್ಟು ಮತ್ತು ಅಳಿವಿನ ದರವನ್ನು ಲೆಕ್ಕಹಾಕಿದಾಗ 26 ಲಕ್ಷ ಮತ್ತು 13 ಲಕ್ಷ ವರ್ಷಗಳ ಲಯಗಳು, ಅಂದರೆ ಉತ್ಕೇಂದ್ರತೆ ಮತ್ತು ಓರೆಯ ದೊಡ್ಡ ಚಕ್ರಗಳಿಗೆ ಹತ್ತಿರದವು, ಕಂಡವು. ಒಟ್ಟು ಏರಿಳಿತದಲ್ಲಿ ಶೇಕಡಾ 9ರಿಂದ 16ರಷ್ಟನ್ನು ಈ ಲಯಗಳು ವಿವರಿಸುತ್ತವೆ. ಈ ಅಂಕಿಯನ್ನು ಎರಡೂ ಕಡೆಯಿಂದ ನೋಡಬೇಕು. ಬೇರೆ ಗ್ರಹಗಳ ಸೆಳೆತವು ನಮ್ಮ ಕಡಲಿನ ಜೀವಿಗಳ ಅಳಿವು ಉಳಿವಿನಲ್ಲಿ ಆರನೆಯ ಒಂದು ಭಾಗದವರೆಗೂ ಪಾಲು ಪಡೆದಿತ್ತು ಎಂಬುದು ಅಸಾಧಾರಣ ಸಂಗತಿ. ಉಳಿದ ಐದು ಭಾಗಗಳಿಗೆ ಬೇರೆ ಕಾರಣಗಳಿದ್ದವು ಎಂಬುದೂ ಅಷ್ಟೇ ಮುಖ್ಯ.

ಪಶ್ಚಿಮ ಘಟ್ಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹಿಮಹಾಳೆಗಳಿರಲಿಲ್ಲ, ಆದರೆ ಮಳೆ ಮತ್ತು ಕಾಡು ಏರಿಳಿದದ್ದಕ್ಕೆ ನೇರ ಪುರಾವೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ 2,000 ಮೀಟರಿಗಿಂತ ಎತ್ತರದ ಜೌಗುಮಣ್ಣಿನಲ್ಲಿದ್ದ, ಹಿಂದೆ ಬೆಳೆದ ಸಸ್ಯಗಳ ಬಗೆಯನ್ನು ತಿಳಿಸುವ ಇಂಗಾಲದ ಐಸೋಟೋಪುಗಳನ್ನು ಅಳೆದು 1993ರಲ್ಲಿ ಪ್ರಕಟಿಸಿದರು. ಹಿಮಯುಗದ ತುತ್ತತುದಿಯಲ್ಲಿ ಅಲ್ಲಿ ಒಣಹವೆಗೆ ಹೊಂದಿದ ಹುಲ್ಲುಗಳು ಹರಡಿದ್ದವು, ಆಮೇಲೆ ಮುಂಗಾರು ಚೇತರಿಸಿಕೊಂಡಾಗ ತೇವವನ್ನು ಬಯಸುವ ಸಸ್ಯಗಳು ಹೆಚ್ಚಿದವು. ಅಂದರೆ ಇಂದು ಕುದುರೆಮುಖ, ಬ್ರಹ್ಮಗಿರಿಗಳಲ್ಲಿಯೂ ನಾವು ಕಾಣುವ ಶೋಲಾ ಎಂಬ ಬೆಟ್ಟದ ಕಾಡು ಮತ್ತು ಹುಲ್ಲುಗಾವಲಿನ ಜೋಡಿ ಮನುಷ್ಯ ಕಾಡು ಕಡಿದುದರಿಂದಷ್ಟೇ ಆದದ್ದಲ್ಲ. ಎತ್ತರದ ಬೆಟ್ಟಗಳ ಹುಲ್ಲುಗಾವಲಿಗೆ ಬಹಳ ಹಳೆಯ ಹಿನ್ನೆಲೆಯಿದೆ.

ಹಾಗೆಂದು ಘಟ್ಟದ ವೈವಿಧ್ಯವನ್ನೆಲ್ಲ ಹಿಮಚಕ್ರಗಳ ಲೆಕ್ಕಕ್ಕೆ ಬರೆಯುವುದು ತಪ್ಪು. ಇದೇ ಸಂಸ್ಥೆಯ ಎಸ್. ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ಪೊದೆಗಪ್ಪೆಗಳ ವಂಶಾವಳಿಯನ್ನು ಬಿಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರ ಗೌರವಾರ್ಥ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿರುವ ಈ ಕಪ್ಪೆಗಳಲ್ಲಿ ಅವರು 60ಕ್ಕೂ ಹೆಚ್ಚು ಕವಲುಗಳನ್ನು ಗುರುತಿಸಿದರು. ಪಾಲಕ್ಕಾಡ್ ಕಣಿವೆಯ ಉತ್ತರ ಮತ್ತು ದಕ್ಷಿಣಕ್ಕೆ ಎರಡು ಹಳೆಯ ಶಾಖೆಗಳು ಬೇರ್ಪಟ್ಟಿವೆ. ಹತ್ತಿರದ ಬಂಧುಗಳು ಬಹುತೇಕ ಅಕ್ಕಪಕ್ಕದ ಬೆಟ್ಟಸಾಲುಗಳಲ್ಲಿ ನೆಲೆಸಿವೆ. ಬೆಟ್ಟಗಳ ರಚನೆ, ಎತ್ತರದ ಭೇದ ಮತ್ತು ಮಾನ್ಸೂನಿನ ಆರಂಭ, ಇವುಗಳ ಪಾತ್ರ ಇತ್ತೀಚಿನ ಹಿಮಚಕ್ರಗಳ ಪಾತ್ರಕ್ಕಿಂತ ದೊಡ್ಡದೆಂದು ಅವರ ತೀರ್ಮಾನ. 1,800 ಮೀಟರಿಗಿಂತ ಮೇಲೆ, ಅತಿ ಎತ್ತರದ ಎರಡು ಬೆಟ್ಟಸಾಲುಗಳಲ್ಲಿ ಮಾತ್ರ, ಕಾಡು ಮತ್ತು ಹುಲ್ಲುಗಾವಲಿನ ಏರಿಳಿತ ಹೊಸ ಕವಲುಗಳಿಗೆ ಕಾರಣವಾಗಿರುವ ಸೂಚನೆಯಿದೆ. ಗ್ರಾಪ್ಟೊಲೈಟ್‌ಗಳ ಲೆಕ್ಕವೂ ಕಪ್ಪೆಗಳ ಕಥೆಯೂ ಒಂದೇ ಕಡೆಗೆ ಬೆರಳು ತೋರುತ್ತವೆ: ಆಕಾಶದ ಲಯ ಎಲ್ಲ ಕಡೆ ಒಂದೇ, ಅದಕ್ಕೆ ಸಿಗುವ ಉತ್ತರ ಮಾತ್ರ ನೆಲವನ್ನು ಅವಲಂಬಿಸಿದೆ.

ಕೊನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ ಇಲ್ಲ ಎಂಬುದೇ. ಅಕ್ಷದ ಓರೆ ಇಳಿಯುತ್ತಿದೆ, ಸಮೀಪದ ಬಿಂದು ಉತ್ತರಾರ್ಧದ ಚಳಿಗಾಲದಲ್ಲಿದೆ. ಕಕ್ಷೆಯೊಂದನ್ನೇ ನೋಡಿದರೆ ಉತ್ತರದ ಬೇಸಿಗೆಗಳು ಕಳೆದ ಕೆಲವು ಸಾವಿರ ವರ್ಷಗಳಂತೆ ನಿಧಾನವಾಗಿ ತಂಪಾಗುತ್ತ ಹೋಗಬೇಕಿತ್ತು. ಇದಕ್ಕೆ ತದ್ವಿರುದ್ಧವಾಗಿ ಸುಮಾರು 150 ವರ್ಷಗಳಲ್ಲಿ ಜಗತ್ತಿನ ಸರಾಸರಿ ತಾಪಮಾನ 1 ಡಿಗ್ರಿಗೂ ಹೆಚ್ಚು ಏರಿದೆ. ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಭಾಗದಿಂದ 420ನ್ನು ದಾಟಿದೆ. ಹಿಮದ ದಾಖಲೆಯಿರುವ 8 ಲಕ್ಷ ವರ್ಷಗಳಲ್ಲಿ ಕಕ್ಷೆಯ ಯಾವ ಚಕ್ರವೂ ಅದನ್ನು ಇಷ್ಟು ಎತ್ತರಕ್ಕೆ ಒಯ್ದಿರಲಿಲ್ಲ. ಮುಂಗಾರಿನ ಮೇಲೆ ಕಕ್ಷೆಯ ಮುಂದಿನ ಪ್ರಭಾವವನ್ನು ಕೇಳುವುದಾದರೆ, ಇನ್ನು ಸುಮಾರು ಹತ್ತು ಸಾವಿರ ವರ್ಷಗಳಲ್ಲಿ ಸಮೀಪದ ಬಿಂದು ಮತ್ತೆ ನಮ್ಮ ಬೇಸಿಗೆಗೆ ಬರುತ್ತದೆ. ಆದರೆ ಅಷ್ಟರಲ್ಲಿ ಉತ್ಕೇಂದ್ರತೆ ಈಗಿನದಕ್ಕಿಂತಲೂ ಕಡಿಮೆಯಾಗಿರುವುದರಿಂದ, ಸಹಾರಾವನ್ನು ಹಸಿರಾಗಿಸಿದ ಹಿಂದಿನ ಸರದಿಯಷ್ಟು ಬಿಸಿಲಿನ ಹೆಚ್ಚಳ ಆ ಸಲ ದೊರೆಯುವುದಿಲ್ಲ.